ಕಡಲ ತಳದ ಕಬ್ಬಿಣವೂ ರಂಜಕವೂ

ಮನುಷ್ಯನ ಶರೀರದಲ್ಲಿ ಇರತಕ್ಕ ಮೂಲವಸ್ತುಗಳನ್ನು ಬೇರೆ ಬೇರೆಯಾಗಿ ತೂಗಿ ನೋಡುವುದು ಸಾಧ್ಯವಾದರೆ, ಬೆಳೆದ ಒಬ್ಬ ಮನುಷ್ಯನಲ್ಲಿ ಕಬ್ಬಿಣವು ಸುಮಾರು 4 ಗ್ರಾಮಿನಷ್ಟೂ ರಂಜಕವು ಸುಮಾರು 700 ಗ್ರಾಮಿನಷ್ಟೂ ದೊರೆಯುವುವು. ಕಬ್ಬಿಣವಿಲ್ಲದೆ ರಕ್ತಕ್ಕೆ ಕೆಂಪಿಲ್ಲ, ಉಸಿರನ್ನು ಹೊರುವ ಶಕ್ತಿಯೂ ಇಲ್ಲ. ರಂಜಕವಿಲ್ಲದೆ ಎಲುಬಿಗೂ ಹಲ್ಲಿಗೂ ಗಟ್ಟಿತನವಿಲ್ಲ. ಮನೆಯಲ್ಲಿ ಬಾಣಂತಿಗೂ ಬೆಳೆಯುವ ಮಕ್ಕಳಿಗೂ ಸೊಪ್ಪು, ಕಾಳು, ಹಾಲುಗಳನ್ನು ಎಚ್ಚರಿಕೆಯಿಂದ ಬಡಿಸುವ ಗೃಹಿಣಿಯು ಈ ಎರಡು ವಸ್ತುಗಳ ಹೆಸರನ್ನು ಕೇಳಿರಲಿ ಕೇಳದಿರಲಿ, ಅವುಗಳ ಸೇವೆಯನ್ನೇ ಮಾಡುತ್ತಿರುವಳು. ನಮ್ಮ ಶರೀರಕ್ಕೆ ಹೇಗೋ ಹಾಗೆಯೇ ಕಡಲಿಗೂ ಇವೆರಡು ಬೇಕು. ಕಡಲಿನಲ್ಲಿ ಇವೆರಡೂ ಒಂದನ್ನೊಂದು ಹಿಡಿಯುತ್ತ ಬಿಡುತ್ತ ನಡೆಯಿಸುವ ವ್ಯವಹಾರವನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ.

ರಂಜಕವೆಂದರೆ ಶಾಲೆಯ ಪುಸ್ತಕಗಳಲ್ಲಿ ಫಾಸ್ಫರಸ್ ಎಂದು ಹೇಳಲ್ಪಡುವ ವಸ್ತು. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದ ಹೆನ್ನಿಗ್ ಬ್ರಾಂಡ್ ಎಂಬಾತನು ಚಿನ್ನವನ್ನು ಮಾಡಬೇಕೆಂಬ ಆಸೆಯಿಂದ ಮೂತ್ರವನ್ನು ಕಾಯಿಸಿ ಕಾಯಿಸಿ ಬತ್ತಿಸಲು, ಚಿನ್ನಕ್ಕೆ ಬದಲಾಗಿ ಕತ್ತಲೆಯಲ್ಲಿ ಹೊಳೆಯುವ ಒಂದು ವಸ್ತುವು ದೊರೆಯಿತು. ಅದೇ ರಂಜಕ. ಬೆಂಕಿಪೆಟ್ಟಿಗೆಯ ಪಕ್ಕದಲ್ಲಿ ಕಡ್ಡಿಯನ್ನು ಗೀಚುವ ಕಂದು ಪಟ್ಟಿಯಲ್ಲಿ ಇದರ ಒಂದು ರೂಪವಿದೆ. ಹೊಲಕ್ಕೆ ಹಾಕುವ ಗೊಬ್ಬರದಲ್ಲಿಯೂ ಬಟ್ಟೆ ಒಗೆಯುವ ಕೆಲವು ಪುಡಿಗಳಲ್ಲಿಯೂ ಆಮ್ಲಜನಕದೊಡನೆ ಕೂಡಿ ಫಾಸ್ಫೇಟ್ ಎಂಬ ರೂಪದಲ್ಲಿದೆ. ಕಡಲಿನಲ್ಲಿಯೂ ಅದು ಬಹುಮಟ್ಟಿಗೆ ಈ ರೂಪದಲ್ಲಿಯೇ ಇರುತ್ತದೆ.

ಕಡಲಿನ ಮೇಲ್ಪದರದಲ್ಲಿ, ಬಿಸಿಲು ತಲುಪುವಷ್ಟು ಆಳದವರೆಗೆ, ಕಣ್ಣಿಗೆ ಕಾಣದ ಸೂಕ್ಷ್ಮಸಸ್ಯಗಳು ಕೋಟ್ಯನುಕೋಟಿಯಾಗಿ ತೇಲುತ್ತಿರುವುವು. ನೆಲದ ಮೇಲೆ ಹುಲ್ಲು ಹೇಗೋ ಕಡಲಿನಲ್ಲಿ ಇವು ಹಾಗೆ. ಬೈಗೆ, ಬಂಗಡೆ, ತಿಮಿಂಗಿಲಗಳೆಲ್ಲವೂ ಕೊನೆಗೆ ಈ ಹುಲ್ಲುಗಾವಲನ್ನೇ ನಂಬಿವೆ. ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ಪಂಡಿತರು 1934ರಲ್ಲಿ ಒಂದು ಆಶ್ಚರ್ಯವಾದ ಸಂಗತಿಯನ್ನು ತೋರಿಸಿಕೊಟ್ಟರು. ಕಡಲು ಯಾವುದಾದರೇನು, ತೇಲುವ ಈ ಜೀವಿಗಳ ಒಡಲಿನಲ್ಲಿ ಇಂಗಾಲ, ಸಾರಜನಕ, ರಂಜಕಗಳು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿರುವುವು. ಮುಂದೆ ತಿದ್ದಿದ ಲೆಕ್ಕದ ಪ್ರಕಾರ ರಂಜಕದ 1 ಪರಮಾಣುವಿಗೆ ಸಾರಜನಕದ 16, ಇಂಗಾಲದ 106 ಪರಮಾಣುಗಳು. ಎಂದರೆ, ಒಂದು ಪಾಲು ರಂಜಕವು ಕಡಿಮೆಯಾದರೆ ಅದರ ನೂರು ಪಾಲಿನ ಬೆಳೆಯು ನಿಂತುಹೋಗುವುದು. ಒಂದು ಪಾಲು ಹೆಚ್ಚಾದರೆ, ಉಳಿದುದೆಲ್ಲ ಒದಗುವ ಪಕ್ಷದಲ್ಲಿ, ನೂರು ಪಾಲಿನ ಬೆಳೆಯು ಹೆಚ್ಚುವುದು. ಅಡಿಗೆಗೆ ಉಪ್ಪು ಹೇಗೋ ಕಡಲಿನ ಬೆಳೆಗೆ ರಂಜಕವು ಹಾಗೆ: ಬೇಕಾದುದು ಸ್ವಲ್ಪ, ಆ ಸ್ವಲ್ಪವೂ ಅಳತೆಯಲ್ಲಿರಬೇಕು.

ಇನ್ನು ಕಬ್ಬಿಣ. ಭೂಮಿಯ ಹೊರಪದರದಲ್ಲಿ ನೂರಕ್ಕೆ ಸುಮಾರು 5 ಪಾಲು ಕಬ್ಬಿಣವೇ ಇದೆ. ಹೀಗಿದ್ದರೂ ತೆರೆದ ಕಡಲಿನ 1000 ಟನ್ ನೀರಿನಲ್ಲಿ ಕರಗಿರತಕ್ಕ ಕಬ್ಬಿಣವು ಕೆಲವು ಹತ್ತು ಮಿಲಿಗ್ರಾಂ ಮಾತ್ರ. ನದಿಗಳು ಯುಗಯುಗಗಳಿಂದ ಕೆಮ್ಮಣ್ಣನ್ನು ಕೊಚ್ಚಿಕೊಂಡು ಹೋಗಿ ಕಡಲಿಗೆ ಸುರಿಯುತ್ತಿರುವಲ್ಲಿ ಈ ಬಡತನವೇತಕ್ಕೆ? ಇದಕ್ಕೆ ಉತ್ತರವು ನಮ್ಮ ಹಿತ್ತಿಲಿನಲ್ಲಿಯೇ ದೊರೆಯುತ್ತದೆ. ಕೆಲವು ಊರುಗಳ ಕೊಳವೆಬಾವಿಯ ನೀರು ಕೊಡಕ್ಕೆ ಹಿಡಿದ ಗಳಿಗೆಯಲ್ಲಿ ಕನ್ನಡಿಯಂತೆ ತಿಳಿಯಾಗಿರುತ್ತದೆ; ಬೆಳಗಾಗುವಷ್ಟರಲ್ಲಿ ಕೊಡದ ತಳದಲ್ಲಿ ತುಕ್ಕಿನ ಬಣ್ಣದ ಗಸಿ ನಿಂತಿರುತ್ತದೆ. ಕಬ್ಬಿಣಕ್ಕೆ ಎರಡು ಅವಸ್ಥೆಗಳುಂಟು. ಗಾಳಿಯ ಸೋಂಕಿಲ್ಲದ ಕಡೆ ಅದು ಫೆರಸ್ ಎಂಬ ಅವಸ್ಥೆಯಲ್ಲಿದ್ದು ನೀರಿನಲ್ಲಿ ಕರಗಿರುತ್ತದೆ. ಆಮ್ಲಜನಕವು ತಾಗಿದೊಡನೆಯೇ ಫೆರಿಕ್ ಎಂಬ ಅವಸ್ಥೆಗೆ ತಿರುಗಿ, ಕರಗದ ತುಕ್ಕಾಗಿ, ತಳಕ್ಕಿಳಿಯುತ್ತದೆ. ಕಡಲಿನ ನೀರಿನಲ್ಲಿ ಆಮ್ಲಜನಕವು ಬಹುಮಟ್ಟಿಗೆ ಎಲ್ಲೆಲ್ಲಿಯೂ ಇರುವುದರಿಂದ ಅಲ್ಲಿ ಕಬ್ಬಿಣಕ್ಕೆ ನೆಲೆಯಿಲ್ಲ. ನದಿಯ ನೀರು ಉಪ್ಪುನೀರಿನೊಡನೆ ಬೆರೆಯುವ ಅಳಿವೆಯಲ್ಲಿಯೇ ಅದರ ಕಬ್ಬಿಣದ ಬಹುಭಾಗವು ಹೆಪ್ಪುಗಟ್ಟಿ ಮುಳುಗಿಹೋಗುತ್ತದೆ. ನಡುಗಡಲಿಗೆ ಕಬ್ಬಿಣವು ತಲುಪಬೇಕಾದರೆ ಮರುಭೂಮಿಯ ಧೂಳು ಗಾಳಿಯಲ್ಲಿ ಹಾರಿ ಬಂದು ಬೀಳಬೇಕು, ಇಲ್ಲವೆ ಕಡಲ ತಳದ ಕೆಸರಿನಿಂದಲೋ ಬಿಸಿನೀರಿನ ಬುಗ್ಗೆಗಳಿಂದಲೋ ಮೇಲಕ್ಕೆ ಬರಬೇಕು. ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ಸಾಗರಕ್ಕೆ ಇಂಥ ಉಪಕಾರವನ್ನು ಮಾಡುತ್ತಿದೆ.

ಧೂಳು ತಲುಪದ ಕಡಲುಗಳ ಗತಿಯೇನು? ದಕ್ಷಿಣ ಧ್ರುವವನ್ನು ಸುತ್ತಿರುವ ಸಾಗರದಲ್ಲಿ ರಂಜಕವೂ ಸಾರಜನಕವೂ ಯಥೇಷ್ಟವಾಗಿದ್ದರೂ ಸಸ್ಯಗಳು ಮಾತ್ರ ತೀರ ವಿರಳ. ಕಬ್ಬಿಣದ ಕೊರತೆಯೇ ಇದಕ್ಕೆ ಕಾರಣವಾಗಿರಬಹುದೆಂದು 1930ರ ದಶಕದಲ್ಲಿಯೇ ಕೆಲವರು ಊಹಿಸಿದ್ದರು. ಆದರೆ ಅಳೆದು ನೋಡುವ ಹಡಗೇ ಕಬ್ಬಿಣದ್ದು, ಹಗ್ಗ ಕಬ್ಬಿಣದ್ದು. ನೀರನ್ನು ಎತ್ತುವಾಗಲೇ ತುಕ್ಕು ಸೇರಿ ಲೆಕ್ಕವೆಲ್ಲ ಕೆಡುತ್ತಿದ್ದಿತು. ಅಮೆರಿಕದ ಜಾನ್ ಮಾರ್ಟಿನ್ ಎಂಬ ಪಂಡಿತರು ಮಡಿಗಿಂತಲೂ ಹೆಚ್ಚಿನ ಶುಚಿಯನ್ನು ಪಾಲಿಸಿ 1980ರ ದಶಕದಲ್ಲಿ ನಿಜವಾದ ಪ್ರಮಾಣವನ್ನು ಕಂಡುಹಿಡಿದರು. ಅರ್ಧ ಹಡಗಿನಷ್ಟು ಕಬ್ಬಿಣವನ್ನು ಕೊಟ್ಟರೆ ಭೂಮಿಗೆ ಮತ್ತೊಂದು ಹಿಮಯುಗವನ್ನು ತಂದುಕೊಡುವೆನೆಂದು 1988ರಲ್ಲಿ ಅವರು ವಿನೋದವಾಗಿ ಹೇಳಿದುದು ಪ್ರಸಿದ್ಧವಾಗಿದೆ. ಸಸ್ಯಗಳು ಬೆಳೆದರೆ ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಳ್ಳುವುವು, ಇಂಗಾಲಾಮ್ಲವು ಕಡಿಮೆಯಾದರೆ ಭೂಮಿಯು ತಂಪಾಗುವುದು ಎಂಬುದು ಆ ಮಾತಿನ ಅಭಿಪ್ರಾಯ. ಮಾರ್ಟಿನ್ನರು 1993ರಲ್ಲಿ ಕಾಲವಾದರು. ಅದೇ ವರ್ಷ ಗಲಪಗೋಸ್ ದ್ವೀಪಗಳ ಬಳಿಯಲ್ಲಿ 64 ಚದರ ಕಿಲೋಮೀಟರ್ ಕಡಲಿಗೆ ಕಬ್ಬಿಣದ ದ್ರಾವಣವನ್ನು ಚೆಲ್ಲಿ ನೋಡಲಾಯಿತು. 1995ರಲ್ಲಿ ಪುನಃ ಪರೀಕ್ಷಿಸಿದಾಗ ನೀಲಿ ನೀರು ಕೆಲವೇ ದಿನಗಳಲ್ಲಿ ಹಸುರಾಯಿತು. ಊಹೆಯು ನಿಜವೆಂದು ಸ್ಥಾಪಿತವಾಯಿತು.

ಆದರೆ ಹಸುರಾದುದೆಲ್ಲ ತಳಕ್ಕಿಳಿದು ಇಂಗಾಲವನ್ನು ಹೂತುಬಿಡುವುದೆಂದು ಹೇಳಲಾಗದು. 2009ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯವರೂ ಕೂಡಿ ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣವನ್ನು ಸೇರಿಸಿದರು. ಲೋಹಾಫೆಕ್ಸ್ ಎಂಬ ಆ ಪರೀಕ್ಷೆಯ ಹೆಸರಿನ ಮೊದಲ ಭಾಗವು ನಮ್ಮ ‘ಲೋಹ’ ಶಬ್ದವೇ. ಅಲ್ಲಿ ಸಸ್ಯಗಳು ಬೆಳೆದವು. ಆದರೆ ಗಾಜಿನಂಥ ಚಿಪ್ಪನ್ನು ಕಟ್ಟಿಕೊಳ್ಳುವ ಡಯಾಟಂ ಜಾತಿಯವುಗಳಿಗೆ ಬೇಕಾದ ಸಿಲಿಕಾ ನೀರಿನಲ್ಲಿ ಇರಲಿಲ್ಲ. ಬೆಳೆದ ಮೃದುಸಸ್ಯಗಳನ್ನು ಸಣ್ಣ ಕಡಲಪ್ರಾಣಿಗಳು ತಿಂದುಬಿಟ್ಟವು. ತಳಕ್ಕಿಳಿದ ಇಂಗಾಲವು ಬಹು ಸ್ವಲ್ಪ. ಒಂದು ವಸ್ತುವಿನ ಕೊರತೆಯನ್ನು ನೀಗಿದೊಡನೆ ಇನ್ನೊಂದರ ಕೊರತೆಯು ತಲೆಯೆತ್ತುವುದೆಂಬ ಪಾಠವನ್ನು ಸಂಸಾರಸ್ಥರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಇಷ್ಟು ಮೇಲಿನ ನೀರಿನ ಮಾತಾಯಿತು. ಈ ಎರಡು ವಸ್ತುಗಳ ನಿಜವಾದ ಕೊಡುಕೊಳೆ ನಡೆಯುವುದು ತಳದ ಕೆಸರಿನಲ್ಲಿ. ತುಕ್ಕಿಗೆ ಒಂದು ವಿಶೇಷ ಗುಣವುಂಟು. ಅದು ನೀರಿನಲ್ಲಿ ನೂಲುನೂಲಾಗಿ ಹೆಪ್ಪುಗಟ್ಟುವಾಗ ಪಕ್ಕದಲ್ಲಿರುವ ಫಾಸ್ಫೇಟನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಸತ್ತ ಜೀವಿಗಳ ಒಡಲು ತಳಕ್ಕೆ ಬಿದ್ದು ಕೊಳೆಯುವಾಗ ಅವುಗಳ ರಂಜಕವು ಬಿಡುಗಡೆಯಾಗಿ ಮೇಲಕ್ಕೆ ಏರಹೋಗುವುದು. ಆದರೆ ಕೆಸರಿನ ಮೇಲ್ಮೈಯಲ್ಲಿ ಆಮ್ಲಜನಕವಿರುವಷ್ಟು ಕಾಲ ಅಲ್ಲಿ ಕೆಲವು ಮಿಲಿಮೀಟರ್ ಅಥವಾ ಕೆಲವು ಸೆಂಟಿಮೀಟರ್ ದಪ್ಪದ ಕಂದುಬಣ್ಣದ ತುಕ್ಕಿನ ಪದರವೊಂದು ಹರಡಿದ್ದು ಅದನ್ನು ತಡೆಯುವುದು. ಕಣಜಕ್ಕೆ ಮುಚ್ಚಳವಿದ್ದಂತೆ ಕೆಸರಿಗೆ ಈ ಪದರ.

ಆಮ್ಲಜನಕವು ತೀರಿದರೆ ಮುಚ್ಚಳವು ತೆರೆಯುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಜಾತಿಯವು ಆಮ್ಲಜನಕಕ್ಕೆ ಬದಲಾಗಿ ತುಕ್ಕಿನಿಂದಲೇ ಉಸಿರಾಟದ ಕೆಲಸವನ್ನು ಸಾಗಿಸಿಕೊಳ್ಳುತ್ತವೆ. ಆಗ ಫೆರಿಕ್ ಕಬ್ಬಿಣವು ಫೆರಸ್ ಆಗಿ ಕರಗುವುದು. ಅದು ಹಿಡಿದಿಟ್ಟಿದ್ದ ರಂಜಕವೂ ಬಿಟ್ಟುಹೋಗುವುದು. ಜರ್ಮನಿಯ ಐನ್‌ಸೆಲೆ ಎಂಬವರು 1936ರಲ್ಲಿಯೂ, ಇಂಗ್ಲೆಂಡಿನ ಕ್ಲಿಫರ್ಡ್ ಮಾರ್ಟಿಮರ್ ಎಂಬವರು 1941 ಮತ್ತು 1942ರಲ್ಲಿಯೂ ಸಿಹಿನೀರಿನ ಸರೋವರಗಳಲ್ಲಿ ಈ ರಹಸ್ಯವನ್ನು ಬಿಡಿಸಿದರು. ಮಾರ್ಟಿಮರರು ಸರೋವರದ ಕೆಸರನ್ನು ತೊಟ್ಟಿಗಳಲ್ಲಿಟ್ಟು, ಒಂದಕ್ಕೆ ಗಾಳಿಯನ್ನು ಬಿಟ್ಟು ಇನ್ನೊಂದಕ್ಕೆ ಗಾಳಿಯನ್ನು ತಡೆದು ನೋಡಿದರು. ಗಾಳಿಯಿದ್ದ ತೊಟ್ಟಿಯ ನೀರು ತಿಳಿಯಾಗಿ ಉಳಿಯಿತು. ಗಾಳಿಯಿಲ್ಲದ ತೊಟ್ಟಿಯಲ್ಲಿ ಕಬ್ಬಿಣವೂ ರಂಜಕವೂ ಜೊತೆಜೊತೆಯಾಗಿ ಕೆಸರಿನಿಂದ ನೀರಿಗೆ ಏರಿದವು.

ಕಡಲಿನಲ್ಲಿ ಇದಕ್ಕಿಂತಲೂ ಒಂದು ತೊಡಕು ಹೆಚ್ಚು. ಕಡಲಿನ ನೀರಿನಲ್ಲಿ ಗಂಧಕವು ಸಲ್ಫೇಟ್ ರೂಪದಲ್ಲಿ ಲೀಟರಿಗೆ ಎರಡೂವರೆ ಗ್ರಾಂಗಿಂತ ಹೆಚ್ಚಾಗಿದೆ. ಗಾಳಿಯಿಲ್ಲದ ಕೆಸರಿನಲ್ಲಿ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ಇದನ್ನು ಕೊಳೆತ ಮೊಟ್ಟೆಯ ನಾತವುಳ್ಳ ವಿಷವಾಯುವನ್ನಾಗಿ ಮಾರ್ಪಡಿಸುವುವು. ಈ ವಾಯು ಕಬ್ಬಿಣವನ್ನು ಕಂಡಲ್ಲಿ ಬಿಡದು. ಕೂಡಿಕೊಂಡು ಕಪ್ಪು ಕೆಸರಾಗಿ, ಕಾಲಕ್ರಮದಲ್ಲಿ ಚಿನ್ನದಂತೆ ಹೊಳೆದು ಮರುಳುಗೊಳಿಸುವ ಪೈರೈಟ್ ಎಂಬ ಖನಿಜವಾಗಿ ಹೂತುಹೋಗುತ್ತದೆ. ಸರೋವರದಲ್ಲಾದರೆ ಗಾಳಿಯು ಮರಳಿ ಬಂದಾಗ ಕರಗಿದ ಕಬ್ಬಿಣವು ಪುನಃ ತುಕ್ಕಾಗಿ ರಂಜಕವನ್ನು ಹಿಡಿದು ತರುತ್ತದೆ. ಕಡಲಿನಲ್ಲಿ ಕಬ್ಬಿಣದ ಬಹುಭಾಗವನ್ನು ಗಂಧಕವು ನುಂಗಿಬಿಟ್ಟಿರುವುದರಿಂದ ಹಿಡಿಯುವ ಕೈ ಇಲ್ಲದೆ ರಂಜಕವು ನೀರಿನಲ್ಲಿಯೇ ಉಳಿದುಬಿಡುತ್ತದೆ.

ಇದರಿಂದ ಒದಗತಕ್ಕ ಕೇಡನ್ನು ತಿಳಿಯಬೇಕಾದರೆ ಯುರೋಪಿನ ಬಾಲ್ಟಿಕ್ ಸಮುದ್ರವನ್ನು ನೋಡಬೇಕು. ಒಂಬತ್ತು ದೇಶಗಳು ಸುತ್ತಲೂ ಕುಳಿತಿರುವ ಈ ಕಡಲು ಒಂದು ದೊಡ್ಡ ಕೆರೆಯಂತೆಯೇ ಇದೆ. ಸಾಗರದೊಡನೆ ಅದಕ್ಕಿರುವ ಸಂಬಂಧವು ಡೆನ್ಮಾರ್ಕಿನ ಬಳಿಯ ಇಕ್ಕಟ್ಟಾದ, ಆಳವಿಲ್ಲದ ಕಾಲುವೆಗಳ ಮೂಲಕ ಮಾತ್ರ. ಮೇಲೆ ನದಿಗಳ ಹಗುರವಾದ ಸಿಹಿಬೆರೆತ ನೀರು, ಕೆಳಗೆ ಭಾರವಾದ ಉಪ್ಪುನೀರು, ಇವೆರಡೂ ಬೆರೆಯುವುದಿಲ್ಲ. ತಳದ ನೀರಿಗೆ ಹೊಸ ಉಸಿರು ಬರಬೇಕಾದರೆ ಪ್ರಬಲವಾದ ಬಿರುಗಾಳಿಗಳು ಹೊರಗಿನ ಉಪ್ಪುನೀರನ್ನು ಒಳಕ್ಕೆ ನೂಕಬೇಕು. 1951ರಲ್ಲಿ, 1993ರಲ್ಲಿ, 2003ರಲ್ಲಿ, 2014ರ ಡಿಸೆಂಬರಿನಲ್ಲಿ ಅಂಥ ದೊಡ್ಡ ಪ್ರವೇಶಗಳು ನಡೆದವು; ನಡುವೆ ಎಷ್ಟೋ ವರ್ಷ ತಳವು ಉಸಿರುಗಟ್ಟಿರುತ್ತದೆ.

ಇಂಥ ಸೂಕ್ಷ್ಮವಾದ ಕಡಲಿಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಲಗಳ ಗೊಬ್ಬರವೂ ಪಟ್ಟಣಗಳ ಚರಂಡಿಯ ನೀರೂ ಬಟ್ಟೆಯ ಪುಡಿಯ ಫಾಸ್ಫೇಟೂ ಹರಿದು ಬಂದವು. ಮೇಲೆ ಪಾಚಿಯು ಹೆಚ್ಚಿತು. ಸತ್ತ ಪಾಚಿಯು ಕೆಳಗಿಳಿದು ಕೊಳೆಯಿತು. ಕೊಳೆತವು ಇದ್ದ ಆಮ್ಲಜನಕವನ್ನೆಲ್ಲ ತಿಂದಿತು. ಆಗ ತುಕ್ಕಿನ ಮುಚ್ಚಳವು ಕರಗಿ, ಹಿಂದಿನ ಕಾಲದಿಂದ ಕೂಡಿಟ್ಟಿದ್ದ ರಂಜಕವೂ ಮೇಲಕ್ಕೆದ್ದಿತು. ಬೇಸಗೆಯಲ್ಲಿ ನೀಲಿಹಸುರು ಪಾಚಿ ಎಂಬ ಜಾತಿಯು ಹಬ್ಬುತ್ತದೆ. ಅದಕ್ಕೆ ಸಾರಜನಕದ ಚಿಂತೆಯಿಲ್ಲ. ನೀರಿನಲ್ಲಿ ಕರಗಿರುವ ಗಾಳಿಯಿಂದಲೇ ಪಡೆದುಕೊಳ್ಳುತ್ತದೆ. ರಂಜಕವೊಂದು ಸಿಕ್ಕಿದರೆ ಸಾಕು. ಅದು ಬೆಳೆದು ಸತ್ತು ಪುನಃ ತಳಕ್ಕಿಳಿದು ಪುನಃ ಆಮ್ಲಜನಕವನ್ನು ತಿನ್ನುತ್ತದೆ. ಸಾಲದ ಬಡ್ಡಿಗೆ ಸಾಲ ಮಾಡಿದವನ ಸಂಸಾರದಂತೆ ಈ ಚಕ್ರವು ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತ ಹೋಗುತ್ತದೆ. ಆಮ್ಲಜನಕವು ಸಾಲದ ತಳದ ವಿಸ್ತಾರವು 1898ರ ಸುಮಾರಿನಲ್ಲಿ 5,000 ಚದರ ಕಿಲೋಮೀಟರ್ ಇದ್ದುದು 2012ರ ವೇಳೆಗೆ 60,000ಕ್ಕೂ ಮಿಗಿಲಾಯಿತೆಂದು 2014ರಲ್ಲಿ ಪ್ರಕಟವಾದ ಲೆಕ್ಕವು ತಿಳಿಸುತ್ತದೆ. ಇದು ನಮ್ಮ ಕರ್ನಾಟಕದ ಮೂರರಲ್ಲಿ ಒಂದು ಪಾಲಿಗೆ ಹತ್ತಿರ ಬರುತ್ತದೆ.

ಇದರ ಫಲವನ್ನು ಉಣ್ಣತಕ್ಕವರು ಬೆಸ್ತರು. ಅಲ್ಲಿನ ಕಾಡ್ ಎಂಬ ಮೀನಿನ ಮೊಟ್ಟೆಗಳು ಮೇಲಿನ ಹಗುರ ನೀರಿನಲ್ಲಿ ತೇಲಲಾರವು. ಕೆಳಗಿನ ಉಪ್ಪುನೀರಿನಲ್ಲಿಯೇ ತೇಲಬೇಕು. ಆ ನೀರಿನಲ್ಲಿ ಉಸಿರಿಲ್ಲದಿದ್ದರೆ ಮರಿಯಾಗುವ ಮೊದಲೇ ನಾಶವಾಗುವುವು. ಅತಿಯಾಗಿ ಹಿಡಿದುದೂ ಸೇರಿ ಪೂರ್ವ ಬಾಲ್ಟಿಕ್ಕಿನ ಕಾಡ್ ಸಂತತಿಯು ಎಷ್ಟು ಕ್ಷೀಣಿಸಿತೆಂದರೆ, 2019ರ ಜುಲೈಯಲ್ಲಿ ಯುರೋಪಿನ ಒಕ್ಕೂಟದವರು ಅದನ್ನು ಹಿಡಿಯುವುದನ್ನೇ ತುರ್ತಾಗಿ ನಿಷೇಧಿಸಬೇಕಾಯಿತು. ತಲೆಮಾರುಗಳಿಂದ ಅದೇ ವೃತ್ತಿಯಲ್ಲಿದ್ದ ಮನೆಗಳ ದೋಣಿಗಳು ದಡದಲ್ಲಿ ನಿಂತವು.

ಹಾಗಾದರೆ ಪರಿಹಾರವಿಲ್ಲವೆ? ಉಂಟು, ಆದರೆ ತಾಳ್ಮೆ ಬೇಕು. 1974ರಲ್ಲಿ ಆ ತೀರದ ರಾಜ್ಯಗಳು ಹೆಲ್ಸಿಂಕಿಯಲ್ಲಿ ಸೇರಿ ಕಡಲಿನ ರಕ್ಷಣೆಗಾಗಿ ಒಪ್ಪಂದವನ್ನು ಮಾಡಿಕೊಂಡವು. ಸ್ವೀಡನ್ನಿನ ಪಟ್ಟಣಗಳು 1970ರ ದಶಕದಿಂದ ಚರಂಡಿಯ ನೀರಿಗೆ ಲೋಹದ ಲವಣಗಳನ್ನು ಬೆರಸಿ ರಂಜಕವನ್ನು ಗಸಿಯಾಗಿ ಇಳಿಸಿ ತೆಗೆಯುತ್ತ ಬಂದಿವೆ. ಆ ಲವಣಗಳಲ್ಲಿ ಮುಖ್ಯವಾದುದೊಂದು ಕಬ್ಬಿಣದ್ದೇ. ಕಡಲ ಕೆಸರಿನಲ್ಲಿ ಪ್ರಕೃತಿಯು ಮಾಡುವ ಕೆಲಸವನ್ನು ಮನುಷ್ಯನು ತೊಟ್ಟಿಯಲ್ಲಿ ಮಾಡುತ್ತಿರುವನೆಂದು ಹೇಳಬಹುದು. ಮನೆಯಲ್ಲಿ ಬಟ್ಟೆ ಒಗೆಯುವ ಪುಡಿಯಲ್ಲಿ ಫಾಸ್ಫೇಟು ಮಿತಿಮೀರಕೂಡದೆಂದು ಯುರೋಪಿನ ಒಕ್ಕೂಟವು 2013ರಿಂದಲೂ, ಪಾತ್ರೆ ತೊಳೆಯುವ ಯಂತ್ರಗಳ ಪುಡಿಗೆ 2017ರಿಂದಲೂ ಕಟ್ಟುಮಾಡಿದೆ. ಬಾಲ್ಟಿಕ್ಕಿಗೆ ನೆಲದಿಂದ ಹರಿದು ಬರುವ ರಂಜಕವು 1980ರ ದಶಕದಲ್ಲಿದ್ದುದಕ್ಕಿಂತ ಬಹಳ ಕಡಿಮೆಯಾಗಿದೆ. ಹೀಗಿದ್ದರೂ ತಳದ ಕೆಸರು ಹಳೆಯ ಶೇಖರವನ್ನು ಬಿಡುತ್ತಲೇ ಇರುವುದರಿಂದ ಕಡಲು ಚೇತರಿಸಿಕೊಳ್ಳುವುದು ನಿಧಾನ. ಹೊಸ ಸಾಲವು ನಿಂತರೂ ಹಳೆಯ ಸಾಲವು ತೀರಬೇಕಷ್ಟೆ.

ಅದೇ ಬಾಲ್ಟಿಕ್ಕಿನ ಉತ್ತರಭಾಗದಲ್ಲಿ ಬೋತ್ನಿಯದ ಕಡಲು ಎಂಬ ಭಾಗವುಂಟು. ಅಲ್ಲಿ ಉಪ್ಪು ಕಡಿಮೆ. ಆದುದರಿಂದ ಸಲ್ಫೇಟೂ ಕಡಿಮೆ. ಗಂಧಕದ ಹಾವಳಿಯು ಕೆಸರಿನ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಅದಕ್ಕಿಂತ ಕೆಳಗೆ ಉಳಿದ ಕಬ್ಬಿಣವು ರಂಜಕದೊಡನೆ ನೇರವಾಗಿ ಕೂಡಿ ವಿವಿಯನೈಟ್ ಎಂಬ ಹರಳಾಗುತ್ತದೆ. ಹುದುಗಿರುವಾಗ ಬಣ್ಣವಿಲ್ಲದ ಈ ಹರಳು ಗಾಳಿಗೆ ತೆರೆದರೆ ನೀಲಿಯಾಗುತ್ತದೆ. ಅಲ್ಲಿ ರಂಜಕವು ಹೂತುಹೋಗುವ ಒಂದು ಮುಖ್ಯಮಾರ್ಗವೇ ಇದೆಂದು 2015ರಲ್ಲಿ ಸ್ಪಷ್ಟಪಟ್ಟಿತು. ಬೇರೆ ಕಡಲುಗಳಲ್ಲಿ ರಂಜಕವು ಸಾವಿರಾರು ವರ್ಷಗಳಲ್ಲಿ ಸುಣ್ಣದೊಡನೆ ಸೇರಿ ಅಪಟೈಟ್ ಎಂಬ ಖನಿಜವಾಗುತ್ತದೆ. ನಮ್ಮ ಹಲ್ಲು ಎಲುಬುಗಳ ಸತ್ವವೂ ಅದೇ ಕುಲದ್ದು. ಹೀಗೆ ಪ್ರಾಚೀನ ಕಡಲಿನ ತಳದಲ್ಲಿ ಹೂತ ರಂಜಕವೇ ನೆಲವು ಮೇಲೆದ್ದ ಕಡೆಗಳಲ್ಲಿ ಬಂಡೆಯಾಗಿ ದೊರೆತು, ಮೊರಾಕೊ ಮೊದಲಾದ ದೇಶಗಳ ಗಣಿಗಳಿಂದ ಗೊಬ್ಬರವಾಗಿ ನಮ್ಮ ರೈತನ ಹೊಲಕ್ಕೆ ಬರುತ್ತದೆ.

ನಮ್ಮ ಕಡೆಯ ಅರಬ್ಬೀ ಸಮುದ್ರವೂ ಈ ಕಥೆಯಿಂದ ಹೊರತಲ್ಲ. ಅದರ ನಡುಭಾಗದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರ್ ಆಳದವರೆಗೆ ಆಮ್ಲಜನಕವು ತೀರ ವಿರಳವಾದ ಪದರವು ಯಾವಾಗಲೂ ಇದೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಕೆಳಗಿನ ತಂಪು ನೀರು ದಡದ ಕಡೆಗೆ ಏರಿ ಬರುತ್ತದೆ. ಅದು ತರುವ ರಂಜಕವೂ ಸಾರಜನಕವೂ ನಮ್ಮ ಬೈಗೆ ಬಂಗಡೆಗಳ ಮೇವನ್ನು ಬೆಳೆಸುತ್ತವೆ. ಕಾರವಾರದಿಂದ ಮಂಗಳೂರಿನವರೆಗಿನ ಬಲೆಗಳಿಗೆ ಇದೇ ಆಧಾರ. ಆದರೆ ಆ ನೀರಿನಲ್ಲಿ ಉಸಿರು ಕಡಿಮೆ. 1999ರ ಮಳೆಗಾಲದ ಕೊನೆಯಲ್ಲಿ ಈ ತೀರದ ಆಳವಿಲ್ಲದ ಕಡಲಿನಲ್ಲಿಯೇ ಆಮ್ಲಜನಕವು ಪೂರ್ಣವಾಗಿ ತೀರಿ ಕೊಳೆತ ಮೊಟ್ಟೆಯ ವಾಯು ಕಾಣಿಸಿಕೊಂಡುದನ್ನು ಗೋವೆಯ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ನೆಲದಿಂದ ಹರಿಯುವ ಗೊಬ್ಬರದ ಸಾರವು ಇದನ್ನು ಇನ್ನೂ ಹೆಚ್ಚಿಸಬಹುದೆಂಬ ಎಚ್ಚರಿಕೆಯನ್ನೂ ಕೊಟ್ಟರು. ಪ್ರಕೃತಿಯೇ ಅಂಚಿನವರೆಗೆ ತಂದಿಟ್ಟ ಬಂಡಿಗೆ ನಾವು ಕೈಯಿಕ್ಕಿ ನೂಕಬಾರದು.

ಕಡಲು ದೂರ, ನಮಗೇನು ಎಂದು ಒಳನಾಡಿನವರು ಕೇಳಬಹುದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ, ಅದು ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿಗೂ ಸೇರುವ ದಾರಿಯಲ್ಲಿದೆ. ಆ ಕೆರೆಯ ಮೇಲೆ ಹಿಂದೆ ಮನೆಯೆತ್ತರಕ್ಕೆ ಎದ್ದ ನೊರೆಯು ಯಾರ ಬಚ್ಚಲಿನಿಂದ ಬಂದುದು? ನಮ್ಮ ಬಚ್ಚಲುಗಳಿಂದಲೇ. ಬಟ್ಟೆಗೆ ಹಾಕುವ ಪುಡಿಯನ್ನು ಅಳತೆಯಲ್ಲಿ ಹಾಕುವುದು, ಫಾಸ್ಫೇಟಿಲ್ಲದ ಪುಡಿಯು ದೊರೆತರೆ ಅದನ್ನೇ ಆರಿಸುವುದು, ಹೊಲಕ್ಕೆ ಮಣ್ಣು ಬೇಡಿದಷ್ಟು ಗೊಬ್ಬರವನ್ನು ಮಾತ್ರ ಕೊಡುವುದು, ಊರಿನ ಚರಂಡಿಯ ನೀರು ಶುದ್ಧವಾಗಿಯೇ ಕೆರೆಗೆ ಹೋಗಬೇಕೆಂದು ಪುರಸಭೆಯನ್ನು ಕೇಳುವುದು: ಇವೆಲ್ಲ ಗೃಹಸ್ಥರ ಕೈಯಲ್ಲಿರುವ ಕೆಲಸಗಳು. ಕಬ್ಬಿಣವು ತನ್ನ ಕೆಲಸವನ್ನು ಕೆಸರಿನಲ್ಲಿ ಸದ್ದಿಲ್ಲದೆ ಮಾಡುತ್ತಿದೆ. ಅದಕ್ಕೆ ಹೊರಲಾರದ ಹೊರೆಯನ್ನು ಹೊರಿಸದಿರುವುದು ನಮ್ಮ ಕೆಲಸ.